ಟೇಪಿನ ಮೊದಲ ಅರ್ಧ ನಿಮಿಷ

ಲಕ್ಷ್ಮೀಶ ಮೇಜಿನ ಕೆಳಗೆ ತಲೆ ತೂರಿಸಿ, ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದ ಕೇಬಲ್ಲನ್ನು ಮೂರನೆಯ ಸಲ ಕಿತ್ತು, ಬಾಯಿಂದ ಊದಿ, ಮತ್ತೆ ಚುಚ್ಚಿದ.

"ಈಗ ನೋಡಿ ಅಣ್ಣ."

ಷಡಕ್ಷರಪ್ಪ ನೋಡಿದ. ಪರದೆಯ ಮೇಲೆ ಅದೇ ಬೂದು ಚೌಕ, ಅದರೊಳಗೆ ಅದೇ ಇಂಗ್ಲಿಷ್ ಸಾಲು. ಕ್ಯಾಮೆರಾ ಸಿಗುತ್ತಿಲ್ಲ ಎಂದು ಅದರ ಅರ್ಥ. ಬೆಳಗಿನಿಂದ ಇಷ್ಟು ಸಲ ಓದಿ ಅವನಿಗೂ ಅದು ಬಾಯಿಪಾಠವಾಗಿತ್ತು.

"ಇಲ್ಲ ಅಂತಾನೇ ಐತೆ ಕಣಪ್ಪ."

ಗೋಡೆಯ ಆಚೆ, ನಡುಮನೆಯಲ್ಲಿ, ಷಡಕ್ಷರಪ್ಪನ ಹೆಂಡತಿ ಕಾಂತಮ್ಮನನ್ನು ಕೂರಿಸಿದ್ದರು. ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ಹಣೆಯ ತುಂಬ ವಿಭೂತಿ ಹಚ್ಚಿ, ಕೈಗೆ ಹಸಿರು ಬಳೆ ತೊಡಿಸಿ ಗೋಡೆಗೆ ಒರಗಿಸಿದ್ದರು. ನಿನ್ನೆ ಮಧ್ಯಾಹ್ನ ಎದೆ ಹಿಡಿದುಕೊಂಡ ಹಾಗಾಗುತ್ತಿದೆ ಎಂದವಳು ಕಾರು ಹಾಸನ ಮುಟ್ಟುವ ಮೊದಲೇ ಮುಗಿದುಹೋಗಿದ್ದಳು. ನಲವತ್ತಾರು ವಯಸ್ಸು. ಮೂರು ಗಂಟೆಗೆ ಎತ್ತಬೇಕು ಎಂದು ಅಯ್ಯನವರು ಹೇಳಿದ್ದರು. ಅಷ್ಟರೊಳಗೆ ಹಾರ ಹಾಕಲು ಅವಳದೊಂದು ಫೋಟೋ ಬೇಕಿತ್ತು.

ಅರಸೀಕೆರೆಯಲ್ಲಿ ಇಪ್ಪತ್ತು ವರ್ಷದಿಂದ ಮದುವೆ ವಿಡಿಯೋ ತೆಗೆಯುವವನ ಮನೆಯಲ್ಲಿ ಹೆಂಡತಿಯದೊಂದು ಫೋಟೋ ಇರಲಿಲ್ಲ. ಬೇರೆ ದಿನವಾಗಿದ್ದರೆ ಕೇಳಿದವರು ನಗುತ್ತಿದ್ದರು. ವೋಟಿನ ಕಾರ್ಡು ಇತ್ತು, ಅದರಲ್ಲಿರುವುದು ಕಾಂತಮ್ಮನೋ ಅವಳ ಅತ್ತೆಯೋ ಹೇಳುವುದು ಕಷ್ಟ. ಮದುವೆಯ ಜೋಡಿ ಫೋಟೋ ಒಂದಿತ್ತು. ಅದನ್ನು ಕಾಂತಮ್ಮನ ತಮ್ಮ ಕರಿಬಸವಯ್ಯ ಬೆಳಿಗ್ಗೆಯೇ ಮೊಳೆಯಿಂದ ಇಳಿಸಿದ್ದ. ಕಣಕಟ್ಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು, ಯಾವುದಕ್ಕೂ ತಡ ಮಾಡುವ ಜಾಯಮಾನದವನಲ್ಲ.

"ಇದ್ನೇ ಅರ್ಧಕ್ಕೆ ಕತ್ರಿಸಿ ಅಕ್ಕನ್ನ ಮಾತ್ರ ದೊಡ್ದು ಮಾಡ್ಸಾಣ," ಅಂದಿದ್ದ.

ಪಕ್ಕದ ಮನೆಯ ಕಮಲಾಕ್ಷಮ್ಮ ಅವನ ಕೈಯಿಂದ ಫೋಟೋ ಕಿತ್ತುಕೊಂಡಿದ್ದರು. "ಬದುಕಿರೋ ಗಂಡ ಪಕ್ದಲ್ಲಿ ನಿಂತವ್ನೆ, ಅದ್ಕೆ ಕತ್ರಿ ಆಡಿಸ್ತೀಯೇನೋ? ಇದ್ಕೆ ಹಾರ ಹಾಕೋ ಹಂಗೂ ಇಲ್ಲ, ಕತ್ರಿಸೋ ಹಂಗೂ ಇಲ್ಲ. ಒಳೀಕೆ ಇಡು."

ಆಗ ಮಗಳು ಉಷಾರಾಣಿ, ರಾತ್ರಿಯಿಂದ ಒಂದು ಮಾತೂ ಆಡದೆ ಕೂತಿದ್ದವಳು, "ಅಮ್ಮ ಟೇಪಲ್ಲಿದಾಳೆ," ಅಂದಳು. "ಬೇಲೂರು ಮದುವೆ ಟೇಪಲ್ಲಿ. ನಿಮ್ಮಪ್ಪನ ಎಲ್ಲಾ ಟೇಪಲ್ಲೂ ಮೊದ್ಲು ನಾನೇ ಇರ್ತೀನಿ, ಕತ್ತರಿಸಿ ಬಿಸಾಕ್ತೀನಿ ಅಂತ ನನ್ ಹತ್ರ ಹೇಳಿದ್ಲು."

ಹಳೆಯ ಟೇಪುಗಳ ಮೇಲೆಲ್ಲ ಬೇರೆ ಮದುವೆಗಳು ಕೂತಾಗಿತ್ತು. ಹತ್ತು ದಿನದ ಹಿಂದಿನ ಬೇಲೂರಿನದೊಂದು ಮಾತ್ರ ಇನ್ನೂ ಕಂಪ್ಯೂಟರಿಗೆ ಇಳಿಯದೆ ಉಳಿದಿತ್ತು. ಟೇಪಿನಲ್ಲಿರುವುದು ಕಾಗದದ ಮೇಲೆ ಬರಬೇಕಾದರೆ ಮೊದಲು ಕಂಪ್ಯೂಟರಿಗೆ ಬರಬೇಕು. ಕಂಪ್ಯೂಟರು ನೋಡಿದರೆ ಕ್ಯಾಮೆರಾ ಇದೆ ಎಂದು ಒಪ್ಪುತ್ತಲೇ ಇಲ್ಲ.

ಲಕ್ಷ್ಮೀಶ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟವನು. ಕಸುಬಿನಲ್ಲಿ ಷಡಕ್ಷರಪ್ಪನಿಗೆ ಎದುರಾಳಿ, ಕಂಪ್ಯೂಟರಿನ ವಿಷಯಕ್ಕೆ ಬಂದರೆ ಕಾಂತಮ್ಮನ ಶಿಷ್ಯ. ಹೂವಿನ ಹಾರ ಹಿಡಿದು ಬಂದವನನ್ನು ಉಷಾ ನೇರವಾಗಿ ಮೇಜಿನ ಮುಂದೆ ಕೂರಿಸಿದ್ದಳು. ಲಗ್ನದ ಕಾಲ, ಅವನ ಕ್ಯಾಮೆರಾ ತಿಪಟೂರಿಗೆ ಹೋಗಿತ್ತು, ಊರಿನಲ್ಲಿ ಇನ್ನೊಂದು ಖಾಲಿ ಇರಲಿಲ್ಲ. ಕೇಬಲ್ ಬದಲಾಯಿಸಿದ್ದಾಯಿತು. ಕಂಪ್ಯೂಟರ್ ಆರಿಸಿ ಹಚ್ಚಿದ್ದಾಯಿತು. ತನ್ನ ಅಂಗಡಿಯಿಂದ ಸಿ.ಡಿ. ತರಿಸಿ ಅದೇನನ್ನೋ ತುಂಬಿದ್ದಾಯಿತು.

"ಒಂದು ಗಂಟೆಗೆ ಕರೆಂಟ್ ತೆಗೀತಾರೆ," ಅಂದ ಅವನು, ಗಡಿಯಾರ ನೋಡಿ. "ಅಷ್ಟರೊಳ್ಗೆ ನಮ್ಮಂಗ್ಡೀಲಿ ಪ್ರಿಂಟ್ ಆಗ್ಬೇಕು. ಆಮೇಲೆ ಐದು ಗಂಟೇಗೇ ಬರೋದು."

ಹನ್ನೊಂದೂ ಮುಕ್ಕಾಲಾಗಿತ್ತು.

ಷಡಕ್ಷರಪ್ಪ ಬಾಗಿಲಿನ ಸಂದಿಯಿಂದ ನಡುಮನೆ ನೋಡಿದ. ಕಿಟಕಿ ಕಾಂತಮ್ಮನ ಹಿಂದೆ ಬಿದ್ದಿತ್ತು. ಹಿಂದಿನಿಂದ ಬೆಳಕು ಬಂದರೆ ಮುಖ ಕಪ್ಪಾಗುತ್ತದೆ, ಈ ಕಡೆ ಗೋಡೆಗೆ ಕೂರಿಸಬೇಕಿತ್ತು ಎನಿಸಿತು. ಎನಿಸಿದ್ದಕ್ಕೆ ನಾಚಿಕೆಯಾಯಿತು. ನಿನ್ನೆಯಿಂದ ಅವನಿಗೆ ಅಳು ಬಂದಿರಲಿಲ್ಲ. ಅದಕ್ಕಿಂತ ಅವನನ್ನು ಹೆದರಿಸಿದ್ದು ಬೇರೆ: ಕಣ್ಣು ಮುಚ್ಚಿದರೆ ಹೆಂಡತಿಯ ಮುಖ ಬರುತ್ತಿರಲಿಲ್ಲ. ಬೆನ್ನು ಬರುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತ ಬೆನ್ನು, ಅದರ ಮೇಲೊಂದು ಸಡಿಲ ಜಡೆ. ಮುಖ ಬೇಕೆಂದರೆ ನಡುಮನೆಯಲ್ಲಿರುವುದೊಂದೇ, ಅದೂ ಮೂರು ಗಂಟೆಯವರೆಗೆ.

*

ಕಂಪ್ಯೂಟರು ಮನೆಗೆ ಬಂದದ್ದು ಮೂರು ವರ್ಷದ ಹಿಂದೆ. ಅದಕ್ಕೆ ಮೊದಲು ಷಡಕ್ಷರಪ್ಪ ತೆಗೆದ ಕ್ಯಾಸೆಟ್ಟುಗಳು ಮಿಕ್ಸಿಂಗಿಗೆ, ಅಂದರೆ ಕತ್ತರಿಸಿ ಜೋಡಿಸಲು, ಹಾಸನಕ್ಕೆ ಹೋಗುತ್ತಿದ್ದವು. ಅಲ್ಲಿಯವರು ವಧುವಿನ ಮುಖದ ಸುತ್ತ ತಾವರೆ ಅರಳಿಸಿ ಕಳಿಸುತ್ತಿದ್ದರು. ಹೊಸ ಕ್ಯಾಮೆರಾ ತಂದಾಗ, ಇನ್ನು ಮಿಕ್ಸಿಂಗೂ ಮನೆಯಲ್ಲೇ ಆಗಲಿ ಎಂದು ಕಂಪ್ಯೂಟರನ್ನೂ ತಂದ. ಕಲಿಸಲು ಬಂದವನು ಎರಡು ದಿನ ಇದ್ದು ಹೋದ. ಷಡಕ್ಷರಪ್ಪನಿಗೆ ಮೌಸ್ ಎಂಬುದು ಕೈಗೆ ಹತ್ತಲಿಲ್ಲ. ಕಾಫಿ ಕೊಡಲು ಬಂದು ಹಿಂದೆ ನಿಂತು ನೋಡುತ್ತಿದ್ದ ಕಾಂತಮ್ಮನಿಗೆ ಹತ್ತಿತು.

ಅಲ್ಲಿಂದ ಹೀಗೇ ನಡೆಯಿತು. ಅವನು ಮದುವೆ ಮುಗಿಸಿ ಬಂದು ಮಲಗುತ್ತಿದ್ದ, ಅವಳು ಟೇಪು ತೆಗೆದುಕೊಂಡು ಕೂರುತ್ತಿದ್ದಳು. ಅವನು ಎದ್ದಾಗ ಕಾಣುತ್ತಿದ್ದುದು ಅವಳ ಬೆನ್ನು. ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯೇ ಬೇಕು. ಅಲ್ಲಿಯವರೆಗೆ ಯಾರದೋ ಮನೆಯ ಬೀಗರ ಊಟವನ್ನು ನೋಡುತ್ತ ಕೂರಬೇಕು. ಅವಳು ಕೂರುತ್ತಿದ್ದಳು, ಅವರೆಕಾಯಿ ಸುಲಿಯುತ್ತ.

ಕಳೆದ ವರ್ಷ ಮಾಲೇಕಲ್ಲು ಬೆಟ್ಟದ ಮೆಟ್ಟಿಲಿಳಿಯುವಾಗ ಷಡಕ್ಷರಪ್ಪ ಜಾರಿದ. ಅವನಿಗೇನೂ ಆಗಲಿಲ್ಲ. ಕ್ಯಾಮೆರಾದ ಪುಟ್ಟ ಪರದೆ ಒಡೆಯಿತು, ಕೇಬಲ್ ಚುಚ್ಚುವ ತೂತು ಸಡಿಲವಾಯಿತು. ರಿಪೇರಿಯವನು ಒಳಗಿನ ಬೋರ್ಡನ್ನೇ ಬದಲಾಯಿಸಬೇಕು ಅಂದ. ಎರಡು ದಿನ ಕಾಂತಮ್ಮ ಕ್ಯಾಮೆರಾವನ್ನು ಆ ಕಡೆ ಈ ಕಡೆ ತಿರುಗಿಸುತ್ತ ಅದರ ಜೊತೆ ಗುದ್ದಾಡಿದಳು. ಮೂರನೆಯ ದಿನ, "ಬೋರ್ಡೂ ಬೇಡ ಏನೂ ಬೇಡ, ಸರಿಹೋಯ್ತು," ಅಂದಳು.

ಹೇಗೆ ಸರಿಹೋಯಿತೆಂದು ಅವನು ಕೇಳಲಿಲ್ಲ. ಮಾರನೆಯ ದಿನ ಹತ್ತಿರದ ಗಂಡಸಿ ಊರಿನಲ್ಲಿ ಮದುವೆ ಇತ್ತು.

*

"ಅಪ್ಪ, ಅಮ್ಮ ಇದ್ನ ಮೇಜಿನ ಮೇಲೆ ಹೀಗೇ ಇಡ್ತಿರ್ಲಿಲ್ಲ," ಅಂದಳು ಉಷಾ.

"ಮತ್ತೆ?"

"ಕೆಳಗೆ ಏನೋ ಇರ್ತಿತ್ತು. ಕ್ಯಾಮೆರಾ ಓರೆಯಾಗಿ ಕೂರ್ತಿತ್ತು." ಅವಳು ಕಣ್ಣು ಕಿರಿದು ಮಾಡಿ ಮೇಜನ್ನೇ ದಿಟ್ಟಿಸಿದಳು. "ಚಿಪ್ಪು. ತೆಂಗಿನಕಾಯಿ ಚಿಪ್ಪು! ಅದ್ರೊಳಗೆ ಒಂದು ಬಟ್ಟೆ ಮಡಚಿ ಇಟ್ಟಿರ್ತಿದ್ಲು. ಎಲ್ಲಿ ಅದು?"

ಮೇಜಿನ ಮೇಲೆ ಇರಲಿಲ್ಲ. ಕೆಳಗೂ ಇರಲಿಲ್ಲ. ಕಮಲಾಕ್ಷಮ್ಮ ಬಾಗಿಲಲ್ಲಿ ನಿಂತರು, ಕೈಯಲ್ಲಿ ಬಿಲ್ವಪತ್ರೆಯ ತಟ್ಟೆ.

"ಏನು ಹುಡುಕ್ತಿದೀರ?"

"ಈ ಮೇಜಿನ ಮೇಲೆ ಒಂದು ಚಿಪ್ಪಿತ್ತಲ್ಲ ಅತ್ತೆ, ನೋಡಿದ್ರಾ?"

ಕಮಲಾಕ್ಷಮ್ಮ ತಟ್ಟೆಯನ್ನು ಎದೆಗೆ ಒತ್ತಿಕೊಂಡರು. "ಬೆಳಿಗ್ಗೆ ಜನ ಬತ್ತಾರೆ ಅಂತ ಎಲ್ಲಾ ಎತ್ತಿ ಇಟ್ನಲ್ಲವ್ವ. ಬಟ್ಟೆ ಒಗ್ಯಕ್ಕೆ ಹಾಕ್ದೆ. ಚಿಪ್ಪು..." ಅವರ ದನಿ ಇಳಿಯಿತು. "ನೀರು ಕಾಯಿಸ್ಬೇಕಿತ್ತಲ್ಲ, ಅವ್ಳಿಗೆ ಸ್ನಾನಕ್ಕೆ. ಹಂಡೆ ಒಲೆಗೆ ಹಾಕ್ಬಿಟ್ಟೆ."

ಅವರು ಮಾಡಿದ್ದರಲ್ಲಿ ತಪ್ಪೇನಿತ್ತು? ಈ ಸೀಮೆಯಲ್ಲಿ ಖಾಲಿ ಚಿಪ್ಪು ಕಂಡರೆ ಯಾರ ಕೈಯಾದರೂ ಅದನ್ನು ಹಂಡೆ ಒಲೆಗೇ ಹಾಕುತ್ತದೆ.

"ಹಿತ್ಲಲ್ಲಿ ರಾಶಿ ಬಿದ್ದಾವೆ, ತತ್ತೀನಿ," ಎಂದು ಕರಿಬಸವಯ್ಯ ಓಡಿದ. ಮಡಿಲಲ್ಲಿ ಏಳೆಂಟು ಚಿಪ್ಪು ತಂದು ಮೇಜಿನ ಮೇಲೆ ಸುರಿದ. ಕೊಬ್ಬರಿ ವ್ಯಾಪಾರಿಯ ಅಕ್ಕನ ಮನೆಯಲ್ಲಿ ಚಿಪ್ಪಿಗೆ ಬಡತನವೇ? ಒಂದೊಂದನ್ನೂ ಇಟ್ಟು ನೋಡಿದರು. ಒಂದು ಎತ್ತರವಾಯಿತು, ಒಂದು ತೂಗಾಡಿತು, ಇನ್ನೊಂದರಲ್ಲಿ ಕ್ಯಾಮೆರಾ ಮುಗ್ಗರಿಸಿತು. ಕಾಂತಮ್ಮ ತನ್ನದರ ಅಂಚನ್ನು ಒಗೆಯುವ ಕಲ್ಲಿಗೆ ಉಜ್ಜಿ ಉಜ್ಜಿ ಬೇಕಾದ ಓರೆಗೆ ತಂದುಕೊಂಡಿದ್ದಳು ಎಂದು ಉಷಾ ನೆನಪು ಮಾಡಿಕೊಂಡಳು. ಈಗ ಉಜ್ಜುತ್ತ ಕೂರಲು ಹೊತ್ತಿರಲಿಲ್ಲ. ಹನ್ನೆರಡೂ ಹತ್ತಾಗಿತ್ತು.

ಷಡಕ್ಷರಪ್ಪ ಚಿಪ್ಪುಗಳನ್ನು ಪಕ್ಕಕ್ಕೆ ಸರಿಸಿದ. ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಬೆರಳು ಬಾಗಿಸಿ, ಅದರೊಳಗೆ ಕ್ಯಾಮೆರಾ ಕೂರಿಸಿದ. ಕೇಬಲ್ಲು ಮೊಳದುದ್ದ. ಅದು ಎಟುಕಬೇಕಾದರೆ ಅವನು ಮೇಜಿನ ಪಕ್ಕ ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರಬೇಕಾಯಿತು. ಕಂಪ್ಯೂಟರಿನ ಪರದೆ ಅವನ ಬೆನ್ನ ಹಿಂದೆ ಬಿತ್ತು.

"ನಿಧಾನಕ್ಕೆ ಓರೆ ಮಾಡಿ ಅಣ್ಣ. ಇನ್ನೊಂಚೂರು. ಇನ್ನೂ. ಹಾಂ... ಹಾಂ! ಅಲ್ಲಾಡ್ಬೇಡಿ!"

ಬೂದು ಚೌಕ ಮಾಯವಾಗಿತ್ತು.

*

ಅರ್ಧ ನಿಮಿಷದ ಕಟ್ಟಳೆ ಬಂದದ್ದು ಗಂಡಸಿಯ ಮದುವೆಯಿಂದ.

ಆ ದಿನ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಟೇಪು ಮುಗಿದಿತ್ತು. ಷಡಕ್ಷರಪ್ಪ ಹೊಸ ಟೇಪು ಹಾಕಿ ಗುಂಡಿ ಒತ್ತಿದ, ಹುಡುಗ ತಾಳಿ ಕಟ್ಟಿದ, ಅಕ್ಷತೆ ಬಿತ್ತು. ಎಲ್ಲವೂ ಟೇಪಿನಲ್ಲಿ ಬಂದಿತ್ತು. ಆದರೆ ಟೇಪು ತಿರುಗತೊಡಗಿ ನಾಲ್ಕೈದು ಸೆಕೆಂಡಾದ ಮೇಲಷ್ಟೇ ಕಂಪ್ಯೂಟರು ಅದನ್ನು ಹಿಡಿಯುವುದು. ಮೊದಲಿನ ನಾಲ್ಕೈದು ಸೆಕೆಂಡು ಎಷ್ಟು ಸಲ ಇಳಿಸಿದರೂ ಇಳಿಯದು. ಸಿ.ಡಿ.ಯಲ್ಲಿ ಹುಡುಗಿ ತಲೆ ಬಗ್ಗಿಸುತ್ತಾಳೆ, ಮುಂದಿನ ಗಳಿಗೆಯಲ್ಲಿ ಅವಳ ಕೊರಳಲ್ಲಿ ತಾಳಿ ಇದೆ. ಕಟ್ಟಿದ್ದು ಯಾರೆಂದು ಇಲ್ಲ. ಹುಡುಗಿಯ ಅಪ್ಪ ಮನೆಗೆ ಬಂದು ಕೂಗಾಡಿ ಹೋದ.

"ಇನ್ಮೇಲೆ ಹೊಸ ಟೇಪು ಹಾಕಿದ ತಕ್ಷಣ ಏನಾದ್ರೂ ಅರ್ಧ ನಿಮಿಷ ಓಡ್ಸಿ," ಅಂದಳು ಕಾಂತಮ್ಮ. "ಛತ್ರಕ್ಕೆ ಹೋಗಿ ಮರೀತೀರ. ಇಲ್ಲೇ ಓಡಿಸ್ಕೊಂಡು ಹೋಗಿ."

"ಇಲ್ಲೇನು ತೆಗೀಲಿ?"

"ಏನಾದ್ರೂ. ನಾನು ಹೆಂಗೂ ಕತ್ತರಿಸಿ ಬಿಸಾಕ್ತೀನಿ."

ಅಂದಿನಿಂದ ಮದುವೆಗೆ ಹೊರಡುವ ಮುಂಚೆ ಅವನು ಟೇಪುಗಳನ್ನೆಲ್ಲ ಒಂದಾದ ಮೇಲೊಂದು ಹಾಕಿ, ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು, ಗುಂಡಿ ಒತ್ತಿ, ಶೂ ಹಾಕಿಕೊಳ್ಳುತ್ತಲೋ ಬ್ಯಾಟರಿ ಎಣಿಸುತ್ತಲೋ ಇರುತ್ತಿದ್ದ. ಮುಂದೆ ಏನಿದೆಯೆಂದು ನೋಡುತ್ತಿರಲಿಲ್ಲ. ಬಿಸಾಕುವುದನ್ನು ನೋಡುವುದೇನು?

*

ಟೇಪು ಹಿಂದಕ್ಕೆ ಸುತ್ತಿಕೊಂಡಿತು. ಅಂಗೈಯಲ್ಲಿ ಅದರ ಸಣ್ಣ ನಡುಕ ಷಡಕ್ಷರಪ್ಪನಿಗೆ ತಿಳಿಯುತ್ತಿತ್ತು. ಟಕ್ಕೆಂದು ನಿಂತಿತು. ಲಕ್ಷ್ಮೀಶ ಮೌಸ್ ಒತ್ತಿದ.

"ಐದು," ಅಂದಳು ಕಾಂತಮ್ಮ, ಸ್ಪೀಕರಿನಿಂದ. "ಆರು. ಏಳು. ಎಂಟು."

ನಡುಮನೆಯಲ್ಲಿ ನಡೆಯುತ್ತಿದ್ದ ಭಜನೆ ನಿಂತಿತು. ಯಾರೋ ಹೆಂಗಸು "ಅಯ್ಯೋ ಶಿವನೇ" ಅಂದರು. ಷಡಕ್ಷರಪ್ಪ ದನಿ ಬರುತ್ತದೆಂದು ಎಣಿಸಿರಲಿಲ್ಲ. ಕೈ ಅದುರಿತು. ಒಂಬತ್ತು ಬರಲಿಲ್ಲ.

"ಹೋಯ್ತು," ಅಂದ ಲಕ್ಷ್ಮೀಶ. "ಮೊದ್ಲಿಂದ ಅಣ್ಣ. ನಿಮ್ ಕೈ ಅಲ್ಲಾಡಿದ್ ನಾನ್ ಕಂಡಿಲ್ಲ, ಇವತ್ತೊಂದಿನ ಹಿಡೀರಿ."

"ಭಾವ, ನಾನ್ ಹಿಡ್ಕೊತೀನಿ ಬಿಡಿ," ಅಂದ ಕರಿಬಸವಯ್ಯ.

"ಬೇಡ."

ಅವನು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡ. ಗೋಡೆಯಲ್ಲಿ ಸುಣ್ಣ ಎದ್ದು ಬಂದ ಒಂದು ಜಾಗ ನೋಡಿಕೊಂಡ. ಬೂದು ಚೌಕ ಮತ್ತೆ ಬಂತು, ಮತ್ತೆ ಹೋಯಿತು. ಟೇಪು ಸುತ್ತಿತು.

"ಐದು. ಆರು. ಏಳು." ಅವಸರವಿಲ್ಲದ ದನಿ, ಹಾಲಿನವನಿಗೆ ಲೆಕ್ಕ ಹೇಳುವಾಗಿನದು. ಹನ್ನೆರಡರ ಹೊತ್ತಿಗೆ ಹಿಂದೆ ಒಂದು ಆಟೋ ಹೋಯಿತು. ಹದಿನಾಲ್ಕಕ್ಕೆ ಬಳೆ ಸದ್ದಾಯಿತು. ಷಡಕ್ಷರಪ್ಪ ಉಸಿರು ಬಿಗಿಹಿಡಿದ. ಕ್ಯಾಮೆರಾ ಅಂಗೈಯಲ್ಲಿ ಬಿಸಿಯಾಗುತ್ತಿತ್ತು.

"ಇಪ್ಪತ್ತು. ಲೇಸು ಆಮೇಲೆ ಕಟ್ಕೊಳ್ಳಿ. ಇಪ್ಪತ್ತೊಂದು. ರೀ, ಇಲ್ನೋಡಿ. ಇಪ್ಪತ್ತೆರಡು."

"ಹೂಂ," ಅಂದಿತು ಅವನದೇ ದನಿ. ಅವನಿಗೆ ಆ ಹೂಂ ಚೆನ್ನಾಗಿ ಗೊತ್ತಿತ್ತು. ತಲೆ ಎತ್ತದೆ ಹೇಳುವ ಹೂಂ ಅದು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸಾವಿರ ಜನಕ್ಕೆ ಇಲ್ಲಿ ನೋಡಿ, ಇಲ್ಲಿ ನೋಡಿ ಎಂದವನು ಅವನು. ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂವತ್ತು. ಆಯ್ತು, ಹೊರಡಿ ಇನ್ನು."

ಆಮೇಲೆ ಬೇಲೂರಿನ ಛತ್ರದ ಓಲಗ ಶುರುವಾಯಿತು. ಲಕ್ಷ್ಮೀಶ ನಿಲ್ಲಿಸಿದ.

"ಬಂತು ಅಣ್ಣ. ಪೂರ್ತಿ ಬಂತು. ಕೈ ತೆಗೀರಿ."

ಷಡಕ್ಷರಪ್ಪ ಕೈ ತೆಗೆಯಲಿಲ್ಲ. "ಹೆಂಗವ್ಳೆ?" ಅಂದ ಗೋಡೆಗೆ.

ಉಷಾ ಪರದೆಯ ಹತ್ತಿರಕ್ಕೆ ಬಾಗಿದಳು. "ಕ್ಯಾಮೆರಾ ನೋಡ್ತಿಲ್ಲ ಅಪ್ಪ," ಅಂದಳು. "ಪಕ್ಕಕ್ಕೆ ನೋಡ್ತಿದಾಳೆ. ನೀವು ಕೂತಿರೋ ಕಡೆ. ಹೊರಡಿ ಅನ್ನೋವಾಗ ಒಂದ್ಸಲ ಮಾತ್ರ ಕ್ಯಾಮೆರಾ ನೋಡಿ ನಗ್ತಾಳೆ."

"ಅದ್ನೇ ಪ್ರಿಂಟ್ ಹಾಕ್ಸು."

ಲಕ್ಷ್ಮೀಶ ಫ್ಲಾಪಿಯನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದಾಗ ಹನ್ನೆರಡೂವರೆ. ಹೋಗುವ ಮುಂಚೆ ಅವನೇ ಷಡಕ್ಷರಪ್ಪನ ಅಂಗೈಯಿಂದ ಕ್ಯಾಮೆರಾ ಎತ್ತಿ ಮೇಜಿನ ಮೇಲಿಟ್ಟ.

*

ಕಟ್ಟು ಹಾಕಿದ ಫೋಟೋ ಬಂದಾಗ ಷಡಕ್ಷರಪ್ಪ ಹಿತ್ತಲಿನಲ್ಲಿ ಸ್ನಾನ ಮಾಡುತ್ತಿದ್ದ. ಹಂಡೆ ಒಲೆಯಲ್ಲಿ ಚಿಪ್ಪು ಬೂದಿಯಾಗಿತ್ತು. ಹೊರಬರುವಷ್ಟರಲ್ಲಿ ಕರಿಬಸವಯ್ಯ ಫೋಟೋಗೆ ಹಾರ ಹಾಕಿ ಟ್ರ್ಯಾಕ್ಟರಿನ ಮುಂದಕ್ಕೆ ಬಿಗಿದುಬಿಟ್ಟಿದ್ದ.

"ಚೆನ್ನಾಗ್ ಬಂದೈತೆ ಭಾವ. ಈಗ್ಲೇ ಏನೋ ಅಂದು ಬಾಯಿ ಮುಚ್ಚಿದಂಗೈತೆ ಅಕ್ಕ," ಅಂದ. ಅಂದವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಮೂರಕ್ಕೆ ಎತ್ತಿದರು. ಟ್ರೈಲರಿನಲ್ಲಿ ಬಾಳೆಕಂದು ಕಟ್ಟಿ ಅವಳನ್ನು ಕೂರಿಸಿದ್ದರು. ಫೋಟೋ ದಾರಿಗೆ ಮುಖ ಮಾಡಿತ್ತು, ಷಡಕ್ಷರಪ್ಪ ಟ್ರೈಲರಿನ ಹಿಂದೆ ನಡೆದ. ಅಲ್ಲಿಂದ ಅವನಿಗೆ ಕಾಣುತ್ತಿದ್ದುದು ಅವಳ ಬೆನ್ನೇ, ಹೂವಿನ ಮರೆಯಲ್ಲಿ. ಬಿ.ಎಚ್. ರಸ್ತೆಯಲ್ಲಿ ಅಂಗಡಿಯವರು ಎದ್ದು ನಿಂತರು. ಅವರಲ್ಲಿ ಅರ್ಧ ಜನರ ಮನೆಯ ಮದುವೆಯನ್ನು ಕಾಂತಮ್ಮ ಪರದೆಯ ಮೇಲೆ ನೋಡಿದ್ದಳು. ಅವಳನ್ನು ಅವರು ಹೀಗೆ ನೋಡುತ್ತಿದ್ದುದು ಮೊದಲ ಸಲ.

ರುದ್ರಭೂಮಿಯಲ್ಲಿ ಗುಂಡಿ ಸಿದ್ಧವಾಗಿತ್ತು. ಅಯ್ಯನವರು ಮಂತ್ರ ಹೇಳಿದರು, ವಿಭೂತಿ ಗಟ್ಟಿಗಳನ್ನಿಟ್ಟರು, ಪತ್ರೆ ಹಾಕಿಸಿದರು. ಇಳಿಸುವಾಗ ಮುಖಕ್ಕೆ ಬಟ್ಟೆ ಮುಚ್ಚಿದರು. ಆಮೇಲೆ ಒಂದು ಹಿಡಿ ಮಣ್ಣನ್ನು ಷಡಕ್ಷರಪ್ಪನ ಬಲಗೈಗೆ ಹಾಕಿದರು.

"ಮೊದ್ಲು ನೀವು ಹಾಕಿ ಯಜಮಾನ್ರೆ."

ಅವನು ಕೈ ಚಾಚಿ ನಿಂತ. ಅಂಗೈ ಇನ್ನೂ ಹಾಗೇ ಬಾಗಿತ್ತು, ಬೆರಳುಗಳು ಚಿಪ್ಪಿನ ಅಂಚಿನಂತೆ ಎದ್ದಿದ್ದವು. ಮಣ್ಣು ಅದರೊಳಗೆ ಕೂತಿತ್ತು. ಗುಂಡಿಯ ಆಚೆ ದಡದಲ್ಲಿ ಉಷಾ ಟ್ರ್ಯಾಕ್ಟರಿನಿಂದ ಬಿಚ್ಚಿ ತಂದ ಫೋಟೋವನ್ನು ಎದೆಗೆ ಆನಿಸಿ ಹಿಡಿದು ನಿಂತಿದ್ದಳು. ಅವನು ಈಗಷ್ಟೇ ಅದನ್ನು ಮೊದಲ ಸಲ ನೋಡಿದ.

ಜನ ಕಾದರು. ಒಬ್ಬರು ಕೆಮ್ಮಿದರು.

"ಹಾಕಿ ಭಾವ," ಅಂದ ಕರಿಬಸವಯ್ಯ ಮೆಲ್ಲಗೆ. "ಹಿಂದೆ ಜನ ಅವ್ರೆ."

ಷಡಕ್ಷರಪ್ಪ ಫೋಟೋದಿಂದ ಕಣ್ಣು ತೆಗೆಯಲಿಲ್ಲ. ಕೈ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ತುಟಿ ಮಾತ್ರ ಎಣಿಸುವ ಹಾಗೆ ಆಡುತ್ತಿತ್ತು. ಕರಿಬಸವಯ್ಯ ಅವನ ತೋಳು ಮುಟ್ಟಲು ಹೋದ.

"ಸುಮ್ನಿರಿ ಮಾವ," ಅಂದಳು ಉಷಾ ಆಚೆಯಿಂದ. "ಇನ್ನೂ ಇಪ್ಪತ್ತಾರು."

ಫೋಟೋ ಅಲ್ಲಾಡದ ಹಾಗೆ ಅವಳು ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಮೂವತ್ತಕ್ಕೆ ಷಡಕ್ಷರಪ್ಪ ಅಂಗೈ ಮಗುಚಿದ.